ಗೊರಸಿನ ಮ್ಯಾಲಿನ ಪಾಚಿ

ಕೌಲ್ ಬಜಾರ್, ಬಳ್ಳಾರಿ
೨೫ ಜುಲೈ ೨೦೨೫

ಮೊಮ್ಮಗಳು ಅಕ್ಷತಾಗ ಅಜ್ಜನ ಆಶೀರ್ವಾದ.

ನಾಲ್ಕನೇತ್ತೆಗೆ ಸಾಲಿ ಬಿಟ್ಟವನಿಗೆ ಕಾಗದ ಬರಿ ಅಂತೀಯಲ್ಲ, ಬುದ್ಧಿ ಐತೇನು ನಿನಗ? ಸುತ್ತಿಗಿ ಹಿಡಿದ ಬೆರಳು ಇವು. ಇಷ್ಟು ಬರೆಯೋದರಾಗ ಒಂದು ಕುದುರಿಗೆ ನಾಲ್ಕೂ ಕಾಲಿಗೆ ಲಾಳ ಬಡೀತಿದ್ದೆ. ಆ ಹಿಮದ ಗುಡ್ಡದಾಗ ಫೋನು ಹತ್ತಂಗಿಲ್ಲ ಅಂದಿ, ಅದಕ್ಕ ಬರೀತೀನಿ. ನಿನ್ನ ಕಾಗದ, ಫೋಟೋ ಬಂದು ಹದಿನೆಂಟು ದಿನ ಆತು. ತಡ ಆತು, ಖರೆ. ಯಾಕ ಅಂತ ಮುಂದ ಓದು.

ಕುರುಗೋಡಾಗ ನಿಮ್ಮವ್ವ ಚನ್ನವೀರಮ್ಮ ಆರಾಮ ಅದಾಳ. ಹೋದ ವಾರ ಬಂದು ನನ್ನ ತಲಿ ತಿಂದಳು. "ಇಷ್ಟು ಓದಿ ಸತ್ತ ದನದ ಮ್ಯಾಲಿನ ಪಾಚಿ ಹುಡುಕಾಕ ಹೋಗ್ಯಾಳಲ್ಲಪ್ಪ, ಹೆಣ್ಣು ನೋಡಾಕ ಬಂದೋರಿಗೆ ಏನಂತ ಹೇಳಲಿ?" ಅಂದಳು. "ಇದನ್ನೇ ಹೇಳು, ಅಂಜೋನು ಓಡಿ ಹೋಗಲಿ" ಅಂದೆ.

ಫೋಟೋದಾಗಿನ ಗೊರಸು ಯಾವ ಪ್ರಾಣಿದು ಅಂತ ಕೇಳಿದಿ. ಕುದುರಿದು ಅಗಲ ಇರತೈತಿ, ಕತ್ತೆದು ಸಣ್ಣದು. ಇದು ಉದ್ದಕ, ನೆಟ್ಟಗ ಐತಿ. ಖಚ್ಚರದ್ದು, ನಿಮ್ಮ ಪುಸ್ತಕದಾಗ ಹೇಸರಗತ್ತೆ ಅಂತಾರ. ಮುಂದಿನ ಬಲಗಾಲು. ಬರಕೋ.

ಜಟಕಾ ಹೊಡಿಯೋ ಎರ್ರಿ ಫೋಟೋ ಬಂದ ದಿನ ಅಂಗಡ್ಯಾಗ ಕುಂತಿದ್ದ. ಫೋಟೋ ಕಸಗೊಂಡು, "ಲೇ ಮುದುಕಾ, ಹಸಿರು ಮಖಮಲ್ ಬೂಟು ಹಾಕ್ಯಾರಲ್ಲೋ ಇದಕ್ಕ! ನಿನ್ನ ಲಾಳಕ್ಕಿಂತ ಚಂದ ಐತಿ" ಅಂದ. ನಾನೂ ನಕ್ಕೆ. ಆಮ್ಯಾಲೆ ಭೂತಗನ್ನಡಿ ಹಿಡಿದು ಲಾಳ ನೋಡಿದೆ. ನಗು ನಿಂತುಹೋತು.

ಲಾಳಕ್ಕ ಏಳು ತೂತು. ಹೊರಗಡಿ ನಾಲ್ಕು, ಒಳಗಡಿ ಮೂರು. ಇದರಾಗ ಆರಕ್ಕ ಮೊಳಿ ಐತಿ, ಒಳಗಿನ ಮೂರನೇದು ಖಾಲಿ. ಮೊಳಿ ಬಿದ್ದುಹೋಗಿಲ್ಲ. ಬಿದ್ದಿದ್ರ ಗೊರಸಿನ ಪಕ್ಕಕ್ಕ ಅದು ಹೊರಬಂದ ಗುರುತು ಇರತಿತ್ತು. ಬಡದೇ ಇಲ್ಲ. ನಮ್ಮಪ್ಪ ಒಮ್ಮೆ ಆ ತೂತಿಗೆ ಬಡದ ಮೊಳಿ ಜೀವಮಾಂಸಕ್ಕ ಇಳಿದು, ಕುದುರಿ ನರಳಿ ಸತ್ತಿತ್ತು. ಅವತ್ತಿನಿಂದ ನಮ್ಮ ಮನ್ಯಾಗ ಆ ತೂತು ಖಾಲಿ ಬಿಡತೀವಿ. ಉಳಿದ ಲಾಳದೋರು ನಗತಾರ, ನಗಲಿ. ಹಂಗ ಬಿಡೋವು ಈಗ ಎರಡೇ ಜೋಡಿ ಕೈ. ಒಂದು ನನ್ನದು. ಇನ್ನೊಂದು ನಿನ್ನ ಸೋದರಮಾವ ಹುಲುಗೇಶನದು.

ಅವ ಖಚ್ಚರದ ಗುತ್ತಿಗಿದಾರನ ಹಿಂದ ಬಡಗಣಕ್ಕ, ನೀ ಈಗ ಇರೋ ಗುಡ್ಡದ ಸೀಮಿಗೇ ಹೋಗಿ ಒಂಬತ್ತು ವರ್ಷ. ಆರು ವರ್ಷದ ಹಿಂದ ಹಿಮ ಕುಸಿದು ಖಚ್ಚರ, ಮಂದಿ ಎಲ್ಲಾ ಹೋದ್ರು ಅಂತ ಸುದ್ದಿ ಬಂತು. ಹೆಣ ಸಿಗಲಿಲ್ಲ. ಅವನ ಹೆಂಡ್ತಿ ಕೊಟ್ರಮ್ಮ ತಾಳಿ ತೆಗೆದಳು. ಈಗ ಸಿರುಗುಪ್ಪದಾಗಿನ ಅವಳ ತವರಿನೋರು ಸೆಪ್ಟೆಂಬರ್ ಐದಕ್ಕ ಉಡಿಕಿ ಮಾಡಿ ಬ್ಯಾರೆ ಗಂಡಗ ಕೊಡಾಕ ನಿಂತಾರ. ನಾನೇ ಹೂಂ ಅಂದೀನಿ. ಗಾರ್ಮೆಂಟಿನಾಗ ದುಡಿದು ಬಂದು ನನಗ ರೊಟ್ಟಿ ಬಡದು ಹಾಕ್ಯಾಳ. ಅವಳಿಗೂ ಒಂದು ಬಾಳು ಬೇಕು.

ಈಗ ನಿನ್ನ ಪಾಚಿ. ಅದು ಚಳಿ ಸೀಮಿದು, ಸತ್ತ ಪ್ರಾಣಿ ಮ್ಯಾಲೇ ಹುಟ್ಟತೈತಿ, ನೊಣ ಅದರ ಬೀಜ ಹೊತ್ತು ಒಯ್ತಾವು ಅಂತ ಬರೆದಿ. ಎರಡು ಜಾತಿ ಒಂದೇ ಥರ ಕಾಣತಾವಂತ. ಒಂದು, ಪ್ರಾಣಿ ಸತ್ತ ಎರಡ್ಮೂರು ವರ್ಷದಾಗ ಬಂದು ಹೋಗೋದು. ಇನ್ನೊಂದು, ಹಳೇ ಎಲುಬಿನ ಮ್ಯಾಲೆ ವರ್ಷಾನುಗಟ್ಟಲೆ ಇರೋದು. ತುದಿಗಿನ ಬೀಜದ ಬುಡ್ಡಿ ಬಲಿತ ಮ್ಯಾಲೆ ಯಾವುದು ಅಂತ ಹೇಳಬಹುದು, ಮತ್ತ ಹೋಗಿ ನೋಡ್ತೀನಿ ಅಂದಿದ್ದಿ. ನೋಡಿದೇನು?

ನನಗ ಪಾಚಿ ತಿಳಿಯಂಗಿಲ್ಲ, ಲಾಳ ತಿಳೀತೈತಿ. ಗುಡ್ಡದಾಗ ಒಂದೂವರಿ ತಿಂಗಳಿಗೆ ಲಾಳ ಸವೀತೈತಿ. ಇದು ತುಕ್ಕು ಹಿಡಿದೈತಿ, ಸವೆದಿಲ್ಲ. ಅಂದ್ರ ಬಡದ ಕೆಲವೇ ದಿನಕ್ಕ ಖಚ್ಚರ ಸತ್ತೈತಿ. ಪಾಚಿ ಹಳೇ ಎಲುಬಿನ ಜಾತಿ ಆದ್ರ, ಅದು ಅವತ್ತಿನ ಹಿಮದಾಗ ಸತ್ತಿದ್ದು, ಅವನೂ ಅಲ್ಲೇ ಹೋದ. ಬಂದು ಹೋಗೋ ಜಾತಿ ಆದ್ರ, ಖಚ್ಚರ ಸತ್ತು ಮೂರು ವರ್ಷದ ಮ್ಯಾಲಾಗಿಲ್ಲ, ಅಂದ್ರ ನಾವು ತಿಥಿ ಮಾಡಿದ ಮ್ಯಾಲೂ ಅವ ಲಾಳ ಬಡದಾನ.

ಕೊಟ್ರಮ್ಮಗ ಹೇಳಿಲ್ಲ. ನಿನ್ನೆ ಫೋಟೋ ನೋಡಿ, "ಮಾವಾರ, ಎಷ್ಟು ಚಂದ ಹಸಿರು! ಉಡಿಕಿಗೆ ಇದೇ ಬಣ್ಣದ ಸೀರಿ ತರಾಕ ಹೇಳ್ಲೇನ್ರಿ?" ಅಂದಳು. ಎಷ್ಟೋ ವರ್ಷಕ್ಕ ಒಂದು ಬಣ್ಣ ಕೇಳಿದಳು. "ಸುಮ್ನಿರು" ಅಂತ ಗದರಿದೆ. ಏನು ತಪ್ಪು ಮಾಡಿದ್ನೋ ಅಂತ ಒಳಗ ಹೋದಳು.

ನಿನ್ನ ಓದು ಕೈ ಹಿಡೀಲಿ. ಕಿವಿಗೆ ಬಟ್ಟಿ ಕಟ್ಟಿಕೋ, ಬಿಸಿ ಉಣ್ಣು, ಹಿಮದ ಮ್ಯಾಲೆ ಒಬ್ಬಾಕೇ ತಿರುಗಬ್ಯಾಡ.

ನಿನ್ನ ಅಜ್ಜ
ಕರಿಬಸವ

ತಾ.ಕ.: ಮರೆತು ಬಿಟ್ಟಿದ್ದಲ್ಲ ಇದು, ಮ್ಯಾಲೆ ಬರೆಯಾಕ ಆಗಲಿಲ್ಲ. ಹುಲುಗೇಶ ದುಡಿಯಾಕ ಹೋದ ಅಂತ ನಿಮಗೆಲ್ಲಾ ಹೇಳೀನಿ, ಸುಳ್ಳು. "ಏಳು ತೂತಿಗೆ ಏಳು ಮೊಳಿ ಬಡಿಬೇಕಪ್ಪ, ಮುತ್ಯಾನ ಅಂಜಿಕಿ ನಮಗ್ಯಾಕ?" ಅಂತ ಏಳನೇದು ಬಡದಿದ್ದ. ಮಂದಿ ಮುಂದ, ಹೆಂಡ್ತಿ ಮುಂದ ಇಕ್ಕಳ ತಗೊಂಡು ಹೊಡದು ಹೊರಗ ಹಾಕಿದೆ. ಹೊಡದಿದ್ದು ಕೊಟ್ರಮ್ಮ ಕಂಡಾಳ, ಇಷ್ಟು ದಿನ ಬಾಯಿ ಬಿಟ್ಟಿಲ್ಲ. ಅವಳಿಗೂ ಗೊತ್ತಿಲ್ಲದ್ದು ಇದು: ಹಿಮದ ಸುದ್ದಿ ಬರೋದಕ್ಕಿಂತ ಒಂದು ತಿಂಗಳ ಮೊದಲು ಅಂಗಡಿಗೆ ಫೋನು ಬಂತು. "ಅಪ್ಪಾ, ಬರ್ಲೇನು?" ಅಂದ. ರಾಂಗ್ ನಂಬರ್ ಅಂತ ಇಟ್ಟುಬಿಟ್ಟೆ.

ಅಲ್ಲಿ ನೋಡಾಕ ನಾನಿರಲಿಲ್ಲ. ಆದ್ರೂ ಆ ತೂತು ಖಾಲಿ ಬಿಟ್ಟಾನ.

ಕಾಗದದ ಹಾದಿ ಕಾಯಂಗಿಲ್ಲ, ಗುಡ್ಡ ಇಳಿದು ಅಂಗಡಿಗೆ ಫೋನ್ ಮಾಡು. ಯಾವ ಜಾತಿ ಪಾಚಿ, ಅಷ್ಟೇ ಹೇಳು. ಆಗಸ್ಟ್ ಮೂವತ್ತೊಂದರೊಳಗ.