ಫ್ರಿಜ್ಜಿನ ಮೂಲೆಯ ಫ್ಲಾಸ್ಕ್

ಮಾರ್ಚ್ 28, ಗುರುವಾರ

ಕುವಬಾರನ ಪ್ರಶ್ನೆ ಇನ್ನೂ ಕಿವಿಯಲ್ಲೇ ಇದೆ.

ರಸಾಯನಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯಿಂದ ನನ್ನ ನಿವೃತ್ತಿಗೆ ಮೂರೇ ದಿನ. ನನ್ನ ಜಾಗಕ್ಕೆ ಬರಲಿರುವ ನಿಶಿವಾಕಿ ಪ್ರಯೋಗಾಲಯದ ಫ್ರಿಜ್ ಖಾಲಿ ಮಾಡುತ್ತ, "ಸೆನ್ಸೇ, ಇದ್ಯಾರದ್ದು?" ಎಂದು ಒಂದು ಫ್ಲಾಸ್ಕ್ ತೋರಿಸಿದಳು. ಚೀಟಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಕುವಬಾರನ ಅಕ್ಷರ.

ಇಪ್ಪತ್ತಾರು ವರ್ಷದ ಹಿಂದೆ ಅದರಲ್ಲಿ ಬರೀ ಹಳದಿ ಎಣ್ಣೆಯಿತ್ತು. "ಹರಳು ಕಟ್ಟುತ್ತೆ ಸೆನ್ಸೇ, ಒಂದು ವಾರ ಬಿಡಿ" ಎಂದು ಅಂಗಲಾಚಿದ್ದ. "ಕೊಳಕು, ಚೆಲ್ಲು!" ಎಂದು ಎಲ್ಲರೆದುರು ಗದರಿದ್ದೆ. ಅವನು ಸಂಶೋಧನೆಯನ್ನೇ ಬಿಟ್ಟು ಅಪ್ಪನ ತೋಫು ಅಂಗಡಿ ಸೇರಿದ.

ಅವನು ಚೆಲ್ಲಿರಲೇ ಇಲ್ಲ; ಈಗ ಒಳಗೆಲ್ಲ ಬಿಳಿ ಸೂಜಿಯಂಥ ಹರಳುಗಳು.

ಸಂಜೆ ಕುವಬಾರನಿಗೆ ಫೋನ್ ಮಾಡಿ ಹರಳು ಕಟ್ಟಿದ್ದು ಹೇಳಿದೆ. ಕ್ಷಮೆ ಕೇಳಲಾಗಲಿಲ್ಲ. ಅವನು ಕೇಳಿದ:

"ಎಷ್ಟು ಡಿಗ್ರಿಗೆ ಕರಗುತ್ತೆ, ನೋಡಿದ್ರಾ ಸೆನ್ಸೇ?"

ಹರಳು ಕಂಡೊಡನೆ, ಅದು ಶುದ್ಧವೇ ಎಂದು ತಿಳಿಯಲು, ಕೇಳಬೇಕೆಂದು ನಾನೇ ಕಲಿಸಿದ್ದ ಪ್ರಶ್ನೆ. ನಾನು ನೋಡಿರಲಿಲ್ಲ.