ಮುಖ ಕಾಣುವ ಗಂಜಿ

ಮಾರ್ಚ್ 6, ಶುಕ್ರವಾರ

ಚರ್ಚಿನ ಅಡುಗೆಮನೆಯಲ್ಲಿ ಗಂಜಿಗೆ ಮತ್ತೆ ನೀರು ಸುರಿದೆ. ಭಾನುವಾರ ಚರ್ಚಿನಲ್ಲಿ ಜನ ಕಾಣಿಕೆ ಕೊಟ್ಟ ಅಕ್ಕಿ ಶುಕ್ರವಾರಕ್ಕೆ ತಳ ಕಾಣುತ್ತದೆ. ಶಾಲೆಗೆ ಹೋಗುವ ಮಕ್ಕಳು ಮಾತ್ರ ಶುಕ್ರವಾರವೂ ಬರುತ್ತಾರೆ, ಖಾಲಿ ಹೊಟ್ಟೆಯಲ್ಲಿ.

ಮೀನುಗಾರರ ಕೇರಿಯ ರೆಲಿನ್ ಬಟ್ಟಲೊಳಗೆ ಬಗ್ಗಿ ನಕ್ಕಳು. "ಅಜ್ಜೀ, ಇದ್ರಲ್ಲಿ ನನ್ ಮುಖ ಕಾಣ್ತದೆ!"

ನಾನೂ ನಕ್ಕೆ. ಮನೆಗೆ ಬಂದು ಅತ್ತೆ.

ಮಾರ್ಚ್ 11

ಪುರಸಭೆಗೆ ಹೋಗಿದ್ದೆ. ಮೇಯರ್ ಎಲ್ಮರ್‌ನ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡ ಧರ್ಮಮಾತೆ ನಾನು. ಈಗಲೂ ನನ್ನನ್ನು ನಿನಾಂಗ್ ಅಂತಲೇ ಕರೆಯುತ್ತಾನೆ. ಕಾಫಿ ಕೊಟ್ಟ, ಬಿಸ್ಕತ್ತು ಕೊಟ್ಟ. ಶಾಲೆಯಲ್ಲಿ ದಿನಾ ಊಟ ಹಾಕಿಸಪ್ಪಾ ಅಂದರೆ ಹಲ್ಲು ಕಿರಿದ.

"ಹಸಿದವರಿಗೆ ಉಣ್ಸೋದು ಚರ್ಚಿನ ಕೆಲಸ, ನಿನಾಂಗ್. ಸ್ವರ್ಗ ನಿಮಗೆ, ರಸ್ತೆ ನಮಗೆ."

"ಪ್ರತಿ ಭಾನುವಾರ ಪೂಜೇಲಿ ಆಳೋರಿಗೆ ಅಂತ ಪ್ರಾರ್ಥನೆ ಮಾಡ್ತೀವಲ್ಲ, ಬರೀ ಡಾಂಬರಿಗೆ ಅಂದ್ಕೊಂಡ್ಯಾ?"

ನಕ್ಕುಬಿಟ್ಟ. ಮೈಯೆಲ್ಲ ಉರಿಯಿತು. ಕೊಡೆ ಅಲ್ಲೇ ಮರೆತು ಬಂದೆ.

ಮಾರ್ಚ್ 22

ಪ್ರಭುವಿನ ಕೊನೆಯ ಊಟದ ನೆನಪಿಗೆ ಹನ್ನೆರಡು ಶಿಷ್ಯರ ವೇಷ ಹಾಕಿದವರಿಗೆ ಊಟ ಬಡಿಸುವ ಪಾಳಿ ಈ ಸಲದ ಪವಿತ್ರ ಗುರುವಾರ ನಮ್ಮ ಮನೆಯದು! ಪೇತ್ರನ ವೇಷ ಯಾವತ್ತೂ ಮೇಯರನದೇ. ಉಳಿದವರಲ್ಲಿ ಹೆಚ್ಚಿನವರು ಕೌನ್ಸಿಲ್ ಸದಸ್ಯರು — ಪುಗಸಟ್ಟೆ ಏಡಿ ಯಾರಿಗೆ ಬೇಡ? ಪೂಜೆಯಲ್ಲಿ ಫಾದರ್ ಈ ಹನ್ನೆರಡು ಜನರ ಕಾಲು ತೊಳೆದ ಮೇಲೆ ಆ ಮೇಜಿಗೆ ಕೂತವರು ಬಡಿಸಿದ್ದನ್ನು ಬೇಡ ಎನ್ನುವಂತಿಲ್ಲ, ಉಳಿಸುವಂತಿಲ್ಲ. ಅಜ್ಜಂದಿರ ಕಾಲದ ಕಟ್ಟಳೆ.

ತಂಗಿ ಪೆರ್ಲಿತಾ ಆಗಲೇ ಸೀಗಡಿ, ಏಡಿ, ತೆಂಗಿನಹಾಲಿನ ಪಾಯಸ ಎಂದು ಕುಣಿಯುತ್ತಿದ್ದಾಳೆ.

"ಅಡುಗೆ ನಾನೇ ಮಾಡ್ತೀನಿ, ನೀನು ಹೂವು ನೋಡ್ಕೋ" ಅಂದೆ. ಹೆಚ್ಚು ಬಾಯಿ ಬಿಡಲಿಲ್ಲ.

ಏಪ್ರಿಲ್ 3, ಶುಭ ಶುಕ್ರವಾರ, ಬೆಳಿಗ್ಗೆ

ಪಾತ್ರೆಗಳು ಇನ್ನೂ ತೊಳೆಯದೆ ಬಿದ್ದಿವೆ. ಆದರೂ ಬರೆಯಬೇಕು.

ನಿನ್ನೆ ಪೂಜೆ ಮುಗಿಸಿ ಹನ್ನೆರಡೂ ಜನ ನಿಲುವಂಗಿಯಲ್ಲೇ ಬಂದರು. ಕಿಟಕಿಯ ತುಂಬ ಕೇರಿಯ ಜನ. ಬೆಳ್ಳಿ ಅಂಚಿನ ಬಟ್ಟಲುಗಳು, ಮಲ್ಲಿಗೆ, ಮೇಣದಬತ್ತಿ. ಬಡಿಸಿದೆ — ಗಂಜಿ. ಶುಕ್ರವಾರದ ಅಳತೆಯದು. ಒಂದು ಹಿಡಿ ಅಕ್ಕಿ, ಮಿಕ್ಕಿದ್ದೆಲ್ಲ ನೀರು.

ಒಳಗಿನಿಂದ ಪೆರ್ಲಿತಾಳ ಅಳು: "ಅಕ್ಕಾ, ಮಾನ ಕಳದ್ಯಲ್ಲೇ!"

ಎಲ್ಮರನ ಕಿವಿ ಕೆಂಪಾಯಿತು. "ನಿನಾಂಗ್, ಏನಿದು?"

"ನಿನ್ನೂರಿನ ಮಕ್ಕಳ ಊಟ. ಬಗ್ಗಿ ನೋಡಪ್ಪಾ, ಮುಖ ಕಾಣ್ತದಾ?"

ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋದರೆ ಈ ಮನೆಗೂ ಅವನಿಗೂ ಮುಗಿಯಿತು, ಮಕ್ಕಳ ಊಟಕ್ಕೂ ಎಳ್ಳುನೀರು. ಅವನು ಬಗ್ಗಿದ. ತುಂಬ ಹೊತ್ತು ನೋಡಿದ. ಆಮೇಲೆ ಬಟ್ಟಲೆತ್ತಿ ಕುಡಿದ. ಅವನು ಕುಡಿದ ಮೇಲೆ ಉಳಿದವರೂ ಕುಡಿದರು.

"ಇನ್ನಿದ್ಯಾ?" ಅಂತ ಮೆಲ್ಲಗೆ ಕೇಳಿದ.

"ಇಲ್ಲ ಮಗಾ. ಮಕ್ಕಳೂ ಹೀಗೇ ಕೇಳ್ತಾರೆ, ನಾನೂ ಹೀಗೇ ಇಲ್ಲ ಅಂತೀನಿ."

ಬಟ್ಟಲು ಕೆಳಗಿಟ್ಟು ಎದ್ದು ಹೋದ. ಪೆರ್ಲಿತಾ ಮಾತು ಬಿಟ್ಟಿದ್ದಾಳೆ. ಸ್ವಾಮೀ, ತಪ್ಪು ಮಾಡಿದೆನಾ…

ಏಪ್ರಿಲ್ 21

ಗೆದ್ದೆವು!! ಕೌನ್ಸಿಲ್ ಒಪ್ಪಿತು. ಶಾಲೆ ತೆರೆದ ಮೇಲೆ ದಿನಾ ಊಟ, ಪುರಸಭೆಯ ಖರ್ಚಿನಲ್ಲೇ, ಪ್ರತಿ ಮಗುವಿಗೂ. ಬೇಡ ಅನ್ನಲು ಒಂದು ಕೈಯೂ ಏಳಲಿಲ್ಲ. ನಮ್ಮ ಗಂಜಿ ಬಟ್ಟಲು ಎತ್ತಿದ ಕೈಗಳಲ್ಲವೇ!

ಫಾದರ್ ಹೊತ್ತಲ್ಲದ ಹೊತ್ತಿನಲ್ಲಿ ಗಂಟೆ ಬಾರಿಸಿಬಿಟ್ಟರು. ಯಾರೋ ಸತ್ತರೆಂದು ಜನ ಓಡಿ ಬಂದು, ವಿಷಯ ಕೇಳಿ ಅಲ್ಲೇ ಕುಣಿದರು. ಮಂಡಿನೋವಿನ ನಾನೂ ಕುಣಿದೆ.

ಎಲ್ಮರ್ ಕೊಡೆ ಕಳಿಸಿಕೊಟ್ಟ. ಪೆರ್ಲಿತಾ ಬಾಯಿ ಬಿಟ್ಟಳು: "ಮುಂದಿನ್ಸಲ ಆದ್ರೂ ಸೀಗಡಿ ಮಾಡ್ತೀಯೇನೇ?"

ಜೂನ್ 15, ಶಾಲೆಯ ಅಡುಗೆಮನೆ

ನಿಂತುಕೊಂಡೇ ಬರೆಯುತ್ತಿದ್ದೇನೆ. ಅನ್ನ, ನುಗ್ಗೆಸೊಪ್ಪು ಹಾಕಿದ ಹೆಸರುಕಾಳು, ಹುರಿದ ಮೀನು. ಮೇಯರ್ ಏಪ್ರನ್ ಕಟ್ಟಿಕೊಂಡು ಬಡಿಸುತ್ತಿದ್ದಾನೆ, ಅರ್ಧ ನೆಲಕ್ಕೆ. ಸೌಟು ಹಿಡಿಯಲೂ ಬರುವುದಿಲ್ಲ, ಕತ್ತೆಗೆ. ಇವನ ಮೇಲೆ ಇಷ್ಟು ಪ್ರೀತಿ ಉಕ್ಕುತ್ತದೆಂದು ಯಾರಿಗೆ ಗೊತ್ತಿತ್ತು.

ರೆಲಿನ್ ಬಟ್ಟಲೊಳಗೆ ಬಗ್ಗಿ ಕೂತೇ ಇದ್ದಳು.

"ಏನ್ ಹುಡುಕ್ತಿದ್ದೀಯೇ?"

"ನನ್ನ."

"ಸಿಕ್ಕಿದ್ಯಾ?"

"ಇಲ್ಲ ಅಜ್ಜೀ. ಬರೀ ಅನ್ನ!"

ಎಲ್ಮರ್ ಕೂಗುತ್ತಿದ್ದಾನೆ. ಇನ್ನೊಂದು ಸೌಟು ಬೇಕಂತೆ, ಮಕ್ಕಳೆಲ್ಲ ಎರಡನೇ ಸಲ ಬಟ್ಟಲು ಹಿಡಿದು —