ಅಂಕಣದಾಗ ಹೂತ ಮಾತು

27 ಆಗಸ್ಟ್ 2023, ಭಾನುವಾರ

ಬೆಳಗಿನ ಡ್ಯೂಟಿ. ಕುಷ್ಟಗಿ ಗಾಡಿ ಇವತ್ತೂ ಲೇಟು. ಮೈಕಿನಲ್ಲಿ ಹೇಳಿಬಿಟ್ಟೆ — "ಕುಷ್ಟಗಿ ಬಸ್ಸು ಬರೋದು ತಡ, ಕುಂತವರು ಮಾಡಬ್ಯಾಡ್ರಿ ಗಡಬಡ." ಡಿಪೋ ಮ್ಯಾನೇಜರ್ ಕರೆದು, "ಶರಣಬಸಪ್ಪ, ಇದು ಯಲಬುರ್ಗಾ ಬಸ್ ಸ್ಟ್ಯಾಂಡ್ ಐತಿ, ಕವಿಗೋಷ್ಠಿ ಅಲ್ಲ" ಎಂದರು. ಗೋಷ್ಠಿಗೆ ಇಷ್ಟು ಜನ ಎಲ್ಲಿ ಕೂಡುತ್ತಾರೆ.

ಮಗಳು ಅಮೃತಾಳ ಮೊಣಕಾಲು ಇನ್ನೂ ಕುಂಬಳಕಾಯಿ. ಹೋದ ಭಾನುವಾರ ಕಬಡ್ಡಿ ಪ್ರಾಕ್ಟೀಸಿನಲ್ಲಿ ತಿರುವಿಕೊಂಡಳು. ನನಗೆ ರಜೆ ಸಿಗಲಿಲ್ಲ. ಕೋಚ್ ಕನಕಪ್ಪನೇ ಕೊಪ್ಪಳಕ್ಕೆ ಕರೆದೊಯ್ದು ಡಾಕ್ಟರಿಗೆ ತೋರಿಸಿದ. ಬಂದು ಹೇಳಿದ — "ಬರೇ ಉಳುಕು, ಬಸಣ್ಣ. ನಿನ್ನ ಮಗಳು ಗಟ್ಟಿ ಅದಾಳ." ಅವನು ಹೇಳಿದ ಮೇಲೆ ಮುಗಿಯಿತು. 1997ರ ಕಾಲೇಜು ಟೀಮಿನಲ್ಲಿ ಅವನು ರೈಡರ್, ನಾನು ಅವನ ಬೆನ್ನಿಗೆ. ಟೀಮಿನ ಆಣೆಯ ಸಾಲು ಕಟ್ಟಿದವನೂ ನಾನೇ. ಅಂಕಣದ ಮಣ್ಣು ಒಬ್ಬರ ನಾಲಿಗೆಗೆ ಒಬ್ಬರು ಹಚ್ಚಿ ಹೇಳಬೇಕು: "ಅಂಕಣದ ಮಾತು, ಅಂಕಣದಾಗ ಹೂತು." ಯಾರಿಗೆ ಎಲ್ಲಿ ನೋವೆಂದು ಎದುರಾಳಿಗೆ ತಿಳಿಯಬಾರದಲ್ಲ. ಈಗ ಅವನ ಹುಡುಗಿಯರೂ ಅದನ್ನೇ ಹೇಳುತ್ತಾರಂತೆ. ರಾಯಲ್ಟಿ ಇಲ್ಲ.

ಪಕ್ಕದ ಮನೆಯ ಫಕೀರಮ್ಮ ಅಮೃತಾಳ ಮೊಣಕಾಲಿಗೆ ತತ್ತಿ-ಸುಣ್ಣದ ಪಟ್ಟು ಹಾಕಿದ್ದಾಳೆ.

12 ಸೆಪ್ಟೆಂಬರ್

ಬಾವು ಪೂರಾ ಇಳಿದಿದೆ. "ಬಾವು ಹೋತು, ಬ್ಯಾನಿ ಹೋತು. ಇನ್ನ ಎದಕ್ಕ ದವಾಖಾನಿ?" — ಫಕೀರಮ್ಮ. ಪ್ರಾಸದಲ್ಲಿ ನನಗಿಂತ ಮುಂದೆ. ನಮ್ಮ ಕಡೆ ಬಾವು ಇಳಿದರೆ ಕೇಸ್ ಕ್ಲೋಸ್.

ಅಮೃತಾ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಕೇಳಿದೆ. "ರೂಢಿ ಆಗೇತ್ರಿ ಅಪ್ಪಾ" ಎಂದಳು. ಗಂಗಾವತಿಯಲ್ಲಿ ನಡೆಯುವ ಕಾಲೇಜು ಕಬಡ್ಡಿ ಫೈನಲ್‌ಗೆ ಯೂನಿವರ್ಸಿಟಿ ಟೀಮಿಗೆ ಆರಿಸುವವರು ಬರುತ್ತಾರಂತೆ. ಹೇಮಾ ದಿನಾ ಮಗಳ ಕಾಲಿಗೆ ಎಳ್ಳೆಣ್ಣೆ ತಿಕ್ಕುತ್ತಾಳೆ. ಬಾಗಿಲು ಹಾಕಿಕೊಂಡು. ತಾಯಿ-ಮಗಳ ವಿಷಯ, ನಾನು ಹೊರಗೆ.

24 ಸೆಪ್ಟೆಂಬರ್, ಸಂಜೆ 6, ಗಂಗಾವತಿ, ಆಸ್ಪತ್ರೆಯ ಬೆಂಚು

ಎರಡನೇ ಅರ್ಧ. ರೈಡಿಗೆ ಹೋದಳು. ಇಬ್ಬರನ್ನು ಮುಟ್ಟಿ ತಿರುಗಿದಳು. ತಿರುಗಿದ್ದು ಮೈ ಮಾತ್ರ, ಮೊಣಕಾಲು ಅಲ್ಲೇ ಉಳಿಯಿತು. ಯಾರೂ ಅವಳನ್ನು ಹಿಡಿದಿರಲಿಲ್ಲ.

ನಾನು ಓಡಿದೆ. ಕನಕಪ್ಪ ಓಡಲಿಲ್ಲ. ನಿಂತಲ್ಲೇ ಕುಕ್ಕರಿಸಿದ. ಶಾಕ್ ಆಗಿರಬೇಕು, ಪಾಪ...

17 ಅಕ್ಟೋಬರ್, ಹುಬ್ಬಳ್ಳಿಯಿಂದ ಬಂದು

ದೊಡ್ಡ ಡಾಕ್ಟರು ಸಮಾಧಾನದವರು. ಹಾಳೆಯ ಮೇಲೆ ಚಿತ್ರ ಬರೆದು ಹೇಳಿದರು. ಮೊಣಕಾಲಿನೊಳಗಿನ ಲಿಗಮೆಂಟ್ ಹರಿದಿದೆ. ಅದು ತಾನಾಗಿ ಕೂಡುವುದಿಲ್ಲ. ಈಗ ಹೊಸ ದಾರಿ ಇದೆಯಂತೆ. ಹರಿದ ತುದಿಗಳ ನಡುವೆ ಸ್ಪಂಜಿನಂಥ ಸ್ಕ್ಯಾಫೋಲ್ಡ್ ಇಟ್ಟು ಅದಕ್ಕೆ ರೋಗಿಯ ರಕ್ತವನ್ನೇ ಕುಡಿಸುತ್ತಾರೆ. ತುದಿಗಳು ಅದರೊಳಗೆ ಹಬ್ಬಿ ಒಂದಾಗುತ್ತವೆ. ಸ್ಪಂಜು ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಹೀರೇಬಳ್ಳಿಗೆ ಹಂದರ ಹಾಕಿದಂತೆ. ಕೂತಲ್ಲೇ ಕಟ್ಟಿದೆ — ಬಳ್ಳಿ ಉಳಿಯಿತು, ಹಂದರ ಅಳಿಯಿತು. ಖುಷಿಯಾಗಿತ್ತು.

"ಇಲ್ಲಿ ಇನ್ನೂ ಟ್ರಯಲ್ ಅದ. ಈಕಿಗೆ ಭಾಳ ಛಲೋ ಹೊಂದತಿತ್ತು" ಎಂದರು. "ಆದ್ರ ಹರಿದು ಏಳು ವಾರದೊಳಗ ಬರಬೇಕಿತ್ರಿ. ಈಗ ತುದಿ ಮುದುಡ್ಯಾವ. ತೊಡಿ ಹಿಂದಿನ ಟೆಂಡನ್, ನೀವು ನರ ಅಂತೀರಲ್ಲ, ಅದನ್ನ ತಗದು ಇಲ್ಲಿ ಹಾಕಬೇಕು."

ಒಂದನ್ನು ಕಟ್ಟಲು ಇನ್ನೊಂದನ್ನು ಕೊಯ್ಯಬೇಕು. ಅವಳ ಓಟವೆಲ್ಲ ಆ ತೊಡೆಯಲ್ಲಿತ್ತು.

"ಹರಿದು ಇನ್ನೂ ತಿಂಗಳೂ ಆಗಿಲ್ಲಲ್ರಿ ಸರ. ಗಂಗಾವತಿಯಾಗ..."

"ಅಲ್ಲ. ಆಗಸ್ಟದಾಗ ಹರದದ. ಕೊಪ್ಪಳದ ಡಾಕ್ಟರು ಅವತ್ತೇ ನನಗ ಫೋನ್ ಮಾಡಿದ್ರು. ಕೋಚಿಗೆ ತಿಳಿಸಿ ಹೇಳೀನಿ, ಕಳಸ್ತಾರ ಅಂದ್ರು. ನಾನೂ ದಾರಿ ನೋಡಿದೆ."

ಅಮೃತಾ ಪಕ್ಕದಲ್ಲೇ ಇದ್ದಳು. ನೆಲ ನೋಡುತ್ತಿದ್ದಳು.

19 ಅಕ್ಟೋಬರ್

ಮೈದಾನಕ್ಕೆ ಹೋದೆ. ಕನಕಪ್ಪ ಸುಣ್ಣದ ಪುಡಿಯಿಂದ ಅಂಕಣದ ಗೆರೆ ಹಾಕುತ್ತಿದ್ದ.

"ಉಳುಕು ಅಂದಿ."

"ಅಂದೆ."

"ಕಪ್ ಬೇಕಾಗಿತ್ತೇನಲೇ ನಿನಗ? ನನ್ನ ಮಗಳ ಕಾಲು ಕೊಟ್ಟು?"

"ಬೇಕಾಗಿತ್ತು. ಸುಳ್ಳ ಯಾಕ ಹೇಳ್ಲಿ. ಆದ್ರ ಮೊದಲು ಬೇಡಿದಾಕಿ ಆಕಿ. ಕೊಪ್ಪಳದಿಂದ ಸೀದಾ ಇಲ್ಲಿಗೇ ಬಂದ್ವಿ. ಕುಂಟಕೋಂತ ಹೋಗಿ ಮಣ್ಣ ತಂದು ನನ್ನ ನಾಲಿಗಿಗೆ ಹಚ್ಚಿದ್ಲು. ಅಪ್ಪಗ ಹೇಳಂಗಿಲ್ಲ ಅಂದ್ಲು. ಯಾರು ಕಟ್ಟಿದ ಆಣಿ ಅದು?"

"ಅದು ಎದುರಾಳಿಗೆ ಇತ್ತಲೇ."

"ಆಕಿಗೆ ನೀನ ಎದುರಾಳಿ ಆಗಿದ್ದಿ."

ಗೆರೆ ಮುಂದುವರಿಸಿದ. ನೆಟ್ಟಗೆ ಬರಲಿಲ್ಲ. ಹೊಡೆಯಬೇಕೆಂದೇ ಹೋಗಿದ್ದೆ. ಕೈಯಲ್ಲಿ ಡ್ಯೂಟಿಯ ಸೀಟಿ ಇತ್ತು. ಅದನ್ನೇ ಹಿಡಿದುಕೊಂಡು ವಾಪಸ್ ಬಂದೆ.

20 ಅಕ್ಟೋಬರ್

ಅಮೃತಾ ದಿಂಬಿನ ಮೇಲೆ ಕಾಲಿಟ್ಟು ಕೂತಿದ್ದಳು. ಕೇಳಿದೆ.

"ಹೇಳಿದ್ರ ಆಡಾಕ ಬಿಡತಿದ್ರೇನು?"

"ಇಲ್ಲ."

"ಅದಕ್ಕ."

ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಬೇರೇನೋ ಬಂತು, ಅದಕ್ಕೆ ಹೆಸರಿಲ್ಲ.

"ಕನಕಪ್ಪ, ನೀನು. ಇಬ್ಬರೇ?"

ಅಡುಗೆಮನೆಯಲ್ಲಿ ಹೇಮಾ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಿಂತಿತು.

ಬಾಗಿಲು ಹಾಕಿಕೊಂಡು ತಿಕ್ಕಿದ ಎಳ್ಳೆಣ್ಣೆ. ನಾನು ಹೊರಗೆ.

3 ನವೆಂಬರ್

ನಾಳೆ ಆಪರೇಷನ್. ತೊಡೆಯ ನರ ತೆಗೆದು. ಮೈಕಿನಲ್ಲಿ ಬರೀ ಗಾಡಿಯ ಹೆಸರು, ಪ್ಲಾಟ್‌ಫಾರ್ಮ್ ನಂಬರ್. ಮ್ಯಾನೇಜರೇ ಕೇಳಿದರು, "ಆರಾಮ ಅದೀರಿಲ್ಲೋ?"

ಸಂಜೆ ಅಮೃತಾ, "ಅಪ್ಪಾ, ಇನ್ನ ಮ್ಯಾಲೆ ನೋವಾದ್ರ ಮೊದಲ ನಿಮಗ ಹೇಳತೀನ್ರಿ. ಆಣಿ ಮಾಡ್ಲೇನು?" ಎಂದಳು. ಆಣೆ ಬ್ಯಾಡ ಎಂದೆ. ಅವಳ ಮುಖ ಸಣ್ಣದಾಯಿತು. ಬೇರೇನು ಹೇಳಬಹುದಿತ್ತೋ ಗೊತ್ತಿಲ್ಲ.

ಈಗ ಹೇಮಾ ಚಹಾ ತಂದಿಟ್ಟು ಇಲ್ಲೇ ನಿಂತಿದ್ದಾಳೆ. ಹೋಗುತ್ತಿಲ್ಲ. "ಇನ್ನೂ ಮಾತಾಡಂಗಿಲ್ಲೇನು ನನ್ನ ಕೂಡ?" ಎಂದಳು. ಬಾಯಿ ತೆರೆದೆ. ಬಂದದ್ದು ಆ ಹಾಳು ಸಾಲು. ಅಂಕಣದ ಮಾತು —